ಜೋಡಿಗಳ ನೆಚ್ಚಿನ ವೆನಿಸ್‌ನ ನಿಟ್ಟುಸಿರು

ಇಟಲಿಯ ವೆನಿಸ್‌ನಲ್ಲಿ ಕಾರು, ಬಸ್ಸುಗಳೆಲ್ಲ ಊರಿನ ಅಂಚಿನವರೆಗಷ್ಟೇ. ನೂರಕ್ಕೂ ಹೆಚ್ಚು ಪುಟ್ಟ ದ್ವೀಪಗಳು, ಅವನ್ನು ಬೆಸೆಯುವ 400ಕ್ಕೂ ಹೆಚ್ಚು ಸೇತುವೆಗಳು. ಮುಂದಿನ ಓಡಾಟವೇನಿದ್ದರೂ ಕಾಲ್ನಡಿಗೆ, ಇಲ್ಲವೇ ದೋಣಿ.

ಹೊಸದಾಗಿ ಮದುವೆಯಾದವರಿಗೆ ಈ ಊರು ಅಚ್ಚುಮೆಚ್ಚು. ಸಂಜೆ ಹೊತ್ತು ‘ನಿಟ್ಟುಸಿರಿನ ಸೇತುವೆ’ಯ ಕೆಳಗೆ ದೋಣಿಯಲ್ಲಿ ಜೋಡಿಯಾಗಿ ಸಾಗಿದರೆ ಪ್ರೀತಿ ಶಾಶ್ವತವೆಂಬ ನಂಬಿಕೆ ಬೇರೆ! ಚರಿತ್ರೆ ಹೇಳುವುದೇ ಬೇರೆ. 1600ರ ಸುಮಾರಿಗೆ ಕಟ್ಟಿದ ಈ ಸೇತುವೆ, ಅರಮನೆಯ ವಿಚಾರಣಾ ಕೊಠಡಿಗಳಿಂದ ಸೆರೆಮನೆಗೆ ಕೈದಿಗಳನ್ನು ಒಯ್ಯುತ್ತಿದ್ದ ದಾರಿ.

ಈಗ ನಿಟ್ಟುಸಿರು ಬಿಡುತ್ತಿರುವವರು ಊರಿನವರು. 1951ರಲ್ಲಿ ಸುಮಾರು 1.75 ಲಕ್ಷವಿದ್ದ ಹಳೆಯ ನಗರದ ಜನಸಂಖ್ಯೆ 2022ರಲ್ಲಿ 50 ಸಾವಿರಕ್ಕಿಂತ ಕೆಳಗಿಳಿಯಿತು. ಎಷ್ಟೋ ಮನೆಗಳು ಪ್ರವಾಸಿಗರ ಬಾಡಿಗೆ ಕೋಣೆಗಳಾದವು. ದುಬಾರಿ ಬದುಕು ತಾಳಲಾರದೆ ಅನೇಕರು ದಡದಾಚೆಯ ಮೆಸ್ತ್ರೆಗೆ ಸರಿದರು. 2024ರಲ್ಲಿ, ದಟ್ಟಣೆಯ ಕೆಲವು ದಿನಗಳಂದು ಬಂದು ಅಂದೇ ಮರಳುವವರಿಗೆ 5 ಯೂರೋ ಪ್ರವೇಶ ಶುಲ್ಕ ಜಾರಿಗೆ ಬಂತು. ರಾತ್ರಿ ತಂಗುವವರಿಗೆ ವಿನಾಯಿತಿ.

ದಂಪತಿಗಳಿಗೆ ಇದರಲ್ಲೊಂದು ಜಾಣ ದಾರಿಯಿದೆ. ಒಂದೆರಡು ರಾತ್ರಿ ತಂಗಿ, ಬೆಳಿಗ್ಗೆ ಬೇಗನೆ ರಿಯಾಲ್ಟೋ ಬಳಿಯ ಮೀನು, ತರಕಾರಿ ಮಾರುಕಟ್ಟೆಯತ್ತ ನಡೆಯಬೇಕು. ಆಗ ನೂಕುನುಗ್ಗಲಿಲ್ಲದ ಊರೂ ಸಿಗುತ್ತದೆ, ಅಲ್ಲಿ ಬದುಕುವವರೂ ಸಿಗುತ್ತಾರೆ. ಅವರೇ ಇಲ್ಲವಾದರೆ ನೋಡಲು ಉಳಿಯುವುದು ಬರೀ ಕಲ್ಲು, ನೀರು.