ಉಬ್ಬಸದ ಔಷಧಿ ಮತ್ತು ರಕ್ತದ ಕೊಬ್ಬು



ಚಳಿ ಬಂದರೆ ತಾಳವಾಡಿ ಬೆಟ್ಟದಲ್ಲಿ ಉಬ್ಬಸದವರಿಗೆ ಕಷ್ಟ. “ಔಷಧಿಯಿಂದ ರಕ್ತದಲ್ಲಿ ಕೊಬ್ಬು ಏರುತ್ತದಂತೆ, ಬಿಟ್ಟುಬಿಡೋಣವೇ?” ಎನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇವೆ.

ಪ್ರಯೋಗಾಲಯದ ಇಲಿ, ಮೊಲಗಳಿಗೆ ಸ್ಟೀರಾಯ್ಡ್ ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ಯಕೃತ್ತು ಹೆಚ್ಚು ಕೊಬ್ಬನ್ನು ರಕ್ತಕ್ಕೆ ಬಿಡುತ್ತದೆ. ಟ್ರೈಗ್ಲಿಸರೈಡ್, ಕೊಲೆಸ್ಟ್ರಾಲ್ ಏರಿದ್ದು ಕಂಡುಬಂದಿದೆ. ಸಾಲ್ಬುಟಮಾಲ್ ಕೂಡ ಮೈಯಲ್ಲಿ ಶೇಖರವಾದ ಕೊಬ್ಬನ್ನು ಕರಗಿಸಿ ರಕ್ತಕ್ಕೆ ಸೇರಿಸಬಲ್ಲದು. ಆದರೆ ಎಷ್ಟು, ಯಾವ ದಾರಿಯಲ್ಲಿ ಎಂಬುದೇ ಮುಖ್ಯ. ಸಾಲ್ಬುಟಮಾಲ್ ಇನ್‌ಹೇಲರಿನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ ಔಷಧಿ. 4 ಮಿಲಿಗ್ರಾಂ ಮಾತ್ರೆಯಲ್ಲಿ ಅದರ 40 ಪಟ್ಟು. ಪಫ್ ನೇರ ಶ್ವಾಸಕೋಶಕ್ಕೆ ಹೋಗುತ್ತದೆ, ಮಾತ್ರೆ ರಕ್ತದ ಮೂಲಕ ಇಡೀ ಮೈಗೆ.

ಹೆಚ್ಚು ಎಚ್ಚರ ಬೇಕಾದದ್ದು ತಿಂಗಳುಗಟ್ಟಲೆ ನುಂಗುವ ಸ್ಟೀರಾಯ್ಡ್ ಮಾತ್ರೆಯ ವಿಷಯದಲ್ಲಿ. ನಾವು ಒಮ್ಮೆ ಸತ್ಯಮಂಗಲಕ್ಕೆ, ಒಮ್ಮೆ ಚಾಮರಾಜನಗರಕ್ಕೆ ಹೋಗುವವರು. ಎರಡೂ ಚೀಟಿಯಲ್ಲಿ ಒಂದೇ ಸ್ಟೀರಾಯ್ಡ್ ಬೇರೆ ಬೇರೆ ಹೆಸರಿನಲ್ಲಿರಬಹುದು. ಹಳೆಯ ಚೀಟಿ, ಮಾತ್ರೆಯ ಸ್ಟ್ರಿಪ್ ಒಯ್ದು ವೈದ್ಯರಿಗೆ ತೋರಿಸಿ. ಬಹುಕಾಲದಿಂದ ನುಂಗುತ್ತಿದ್ದರೆ ಕೊಬ್ಬಿನ ಪರೀಕ್ಷೆಯ ಬಗ್ಗೆ ಕೇಳಿ. ನೀವಾಗಿಯೇ ಹಠಾತ್ತನೆ ನಿಲ್ಲಿಸಬೇಡಿ.

ಸತ್ಯಮಂಗಲದ ಆಸ್ಪತ್ರೆಗೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಕೊಬ್ಬಿನ ಭಯಕ್ಕೆ ಇನ್‌ಹೇಲರ್ ಮನೆಯಲ್ಲಿ ಬಿಟ್ಟು ಹೊರಡಬೇಡಿ.