ಬುನಾದಿಗೂ ಮೊದಲು ಮಣ್ಣಿನ ಸಾಕ್ಷಿ

ಸಿವಿಲ್ ಓದೋರಿಗೆ ಸೈಟಿನ ಮಣ್ಣು ಅಂದ ತಕ್ಷಣ ಬಾಯಿಗೆ ಬರೋದು ಒಂದೇ ಪ್ರಶ್ನೆ: "ಎಸ್‌ಬಿಸಿ ಎಷ್ಟು?" ಕಟ್ಟಡದ ಭಾರವನ್ನು ಮಣ್ಣು ಹೊರುತ್ತೆ ಅಂತ ಗೊತ್ತಾದರೆ ನಮ್ಮ ಕೆಲಸ ಮುಗೀತು. ಮೇಲಿನ ಒಂದಡಿ ಮಣ್ಣನ್ನಂತೂ ಕೆರೆದು ಪಕ್ಕಕ್ಕೆ ಹಾಕೋದೇ. ಆದರೆ ಪರಿಸರ ವರದಿಗೆ ಮೊದಲು ಬೇಕಾಗೋದು ನಾವು ಕೆರೆದು ಹಾಕುವ ಆ ಮಣ್ಣಿನ ಲೆಕ್ಕವೇ.

ಇದು ನನಗೆ ಅರ್ಥವಾಗಿದ್ದು ಪ್ರಾಜೆಕ್ಟ್ ಕೆಲಸಕ್ಕೆ ಕೋಲಾರ ಜಿಲ್ಲೆಯ ಒಂದು ರಾಗಿ ಹೊಲಕ್ಕೆ ಹೋದಾಗ. ಅಲ್ಲಿ ಕೈಗಾರಿಕಾ ಬಡಾವಣೆ ಬರಬೇಕಿತ್ತು. ನಾವು ಗುಂಡಿ ತೋಡ್ತಾ ಇದ್ದರೆ ಪಕ್ಕದ ಹೊಲದ ಯಜಮಾನರು ಬದುವಿನ ಮೇಲೆ ನಿಂತು ಕೇಳಿದರು: "ಏನಪ್ಪಾ, ನಾಳೆ ನನ್ ಹೊಲದಲ್ಲಿ ಬೆಳೆ ಬರದೇ ಹೋದ್ರೆ ನಿಮ್ ಕಾಗದ ನನ್ ಪರವಾಗಿ ಮಾತಾಡ್ತದಾ?"

ಉತ್ತರ ನಮ್ಮಲ್ಲಿ ಇರಲಿಲ್ಲ. ಯಾಕಂದ್ರೆ ನಮ್ಮ ಮಾದರಿಗಳೆಲ್ಲ ಬೇಲಿಯ ಒಳಗಿನವು. ಅವರ ಹೊಲ ಇಳಿಜಾರಿನ ಕೆಳಗಿತ್ತು. ಮಳೆ ನೀರು ಹರಿದು ಹೋಗೋದು ಅಲ್ಲಿಗೇ.

ಬೇಸ್‌ಲೈನ್ ಅಂದರೆ ಇಷ್ಟೇ: ಕೆಲಸ ಶುರುವಾಗುವ ಮೊದಲು ಆ ಜಾಗ ಹೇಗಿತ್ತು ಅನ್ನೋ ದಾಖಲೆ. 2006ರ ಸೆಪ್ಟೆಂಬರ್ 14ರ ಕೇಂದ್ರದ ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಗಳಿಗೆ ಮುಂಚಿತವಾಗಿ ಪರಿಸರ ಅನುಮತಿ ಬೇಕು. ಪರಿಣಾಮ ಅಧ್ಯಯನ ಮಾಡುವಾಗ ಮಣ್ಣಿನ ಮೂಲಸ್ಥಿತಿಯನ್ನೂ ದಾಖಲಿಸುತ್ತಾರೆ. ಅಂಥ ದಾಖಲೆ ಇಲ್ಲದಿದ್ದರೆ ಏನಾಗುತ್ತೆ? ಅದೇ ಜಿಲ್ಲೆಯ ಕೆಜಿಎಫ್ ನೋಡಿ. ದೊಡ್ಡ ಪ್ರಮಾಣದ ಗಣಿಗಾರಿಕೆ ಶುರುವಾಗಿದ್ದು 19ನೇ ಶತಮಾನದ ಕೊನೆಗೆ, ಗಣಿ ಮುಚ್ಚಿದ್ದು 2001ರಲ್ಲಿ. 'ಸೈನೈಡ್ ಗುಡ್ಡ' ಅಂತ ಜನ ಕರೆಯೋ ತ್ಯಾಜ್ಯದ ದಿಬ್ಬಗಳು ಇನ್ನೂ ನಿಂತಿವೆ, ಗಾಳಿಗೆ ಧೂಳು ಏಳುತ್ತೆ. ಸುತ್ತಲಿನ ಮಣ್ಣಿನಲ್ಲಿ ಇವತ್ತು ಒಂದು ಲೋಹ ಸಿಕ್ಕರೆ ಅದು ದಿಬ್ಬದಿಂದ ಬಂದಿದ್ದಾ, ಅದಿರಿನ ನೆಲದಲ್ಲಿ ಮೊದಲಿಂದಲೇ ಇದ್ದದ್ದಾ? ಗಣಿಗೆ ಮೊದಲಿನ ಅಳತೆ ಇದ್ದಿದ್ದರೆ ಹೋಲಿಸಿ ನೋಡಬಹುದಿತ್ತು. ಈಗ ದೂರದ ಅದೇ ಜಾತಿಯ ಮಣ್ಣು ಹುಡುಕಿ ಊಹಿಸಬೇಕು.

ಹಾಗಾದ್ರೆ ಅಳೆಯೋದು ಏನನ್ನ? ಮೊದಲು ಭೌತಿಕ ಗುಣಗಳು: ಮರಳು, ಗೋಡು, ಜೇಡಿಯ ಪ್ರಮಾಣ, ಸಾಂದ್ರತೆ, ನೀರು ಇಂಗುವ ವೇಗ. ಹೈಡ್ರೋಮೀಟರ್, ಕೋರ್ ಕಟರ್ ನಮ್ಮ ಲ್ಯಾಬಿನಲ್ಲೇ ಇವೆ. ಆಮೇಲೆ ಪಿಎಚ್, ವಿದ್ಯುತ್ ವಾಹಕತೆ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಶ್. ಸಾವಯವ ಇಂಗಾಲ ಶೇ. 0.5ಕ್ಕಿಂತ ಕಡಿಮೆ ಇದ್ದರೆ ಕಡಿಮೆ, ಶೇ. 0.75 ದಾಟಿದರೆ ಹೆಚ್ಚು ಅಂತ ಲೆಕ್ಕ. ಕೊನೆಯದು ಸೀಸ, ಕ್ಯಾಡ್ಮಿಯಂ, ಕ್ರೋಮಿಯಂನಂಥ ಲೋಹಗಳು. "ರೈತರ ಹತ್ರ ಮಣ್ಣು ಆರೋಗ್ಯ ಚೀಟಿ ಇದೆಯಲ್ಲ, ಅದೇ ಸಾಕು" ಅಂತ ನಮ್ಮ ಗೆಳೆಯನೊಬ್ಬ ಹೇಳಿದ. ಸಾಲದು. 2015ರಲ್ಲಿ ಶುರುವಾದ ಆ ಚೀಟಿಯಲ್ಲಿ 12 ಅಂಶಗಳಿವೆ, ಎಲ್ಲವೂ ಬೆಳೆಗೆ ಬೇಕಾದವು. ಸೀಸ, ಕ್ಯಾಡ್ಮಿಯಂ ಅದರಲ್ಲಿಲ್ಲ.

ಈಗ ಮುಖ್ಯ ವಿಷಯ. ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣಿನ ತೂಕ ಸುಮಾರು 9 ಲಕ್ಷ ಕಿಲೋ. ಲ್ಯಾಬಿಗೆ ಹೋಗೋದು ಅರ್ಧ ಕಿಲೋ. ಲೋಹದ ಪರೀಕ್ಷೆಗೆ ಅದರಲ್ಲಿ ಬಳಸೋದು ಒಂದು ಗ್ರಾಂ ಆಸುಪಾಸು! ಹೊಲದಲ್ಲಿ ಮಾಡಿದ ತಪ್ಪನ್ನು ಎಷ್ಟು ದುಬಾರಿ ಯಂತ್ರವೂ ತಿದ್ದಲ್ಲ.

ಒಂದೇ ಥರ ಕಾಣುವ ತಾಕಿನಲ್ಲಿ ಅಂಕುಡೊಂಕಾಗಿ ನಡೆದು 10-15 ಕಡೆ ಮಣ್ಣು ತೆಗೀಬೇಕು. ಮೇಲಿನ ಕಸ ಸರಿಸಿ, 'ವಿ' ಆಕಾರದ ಗುಂಡಿ ತೋಡಿ, ಪಕ್ಕದ ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದ ಪದರ ಕೆತ್ತಬೇಕು. ಎಲ್ಲ ಬೆರೆಸಿ, ನಾಲ್ಕು ಭಾಗ ಮಾಡಿ, ಎದುರುಬದುರು ಎರಡು ಭಾಗ ಬಿಟ್ಟು, ಉಳಿದದ್ದನ್ನು ಮತ್ತೆ ಬೆರೆಸಿ, ಅರ್ಧ ಕಿಲೋ ಉಳಿಯೋವರೆಗೆ ಹೀಗೇ ಮಾಡಬೇಕು. ಚೀಟಿಯಲ್ಲಿ ಜಾಗದ ಜಿಪಿಎಸ್, ಆಳ, ದಿನಾಂಕ, ತೆಗೆದವರ ಹೆಸರು ಇರಲೇಬೇಕು.

ನಾವು ಇದನ್ನೆಲ್ಲ ಮಾಡಿದ್ವಿ. ಆದರೂ ಲ್ಯಾಬಿನ ಮೇಡಂ ಕೇಳಿದ ಮೊದಲ ಪ್ರಶ್ನೆಗೇ ಸಿಕ್ಕಿಬಿದ್ವಿ: "ಬೆರೆಸಿದ ಬಕೆಟ್ ಯಾವುದು?" ಜಿಐ ಬಕೆಟ್! ಅದರ ಲೇಪನವೇ ಸತು. ನಮ್ಮ ಸತುವಿನ ಅಂಕಿಯನ್ನು ಯಾರೂ ನಂಬೋ ಹಾಗಿಲ್ಲ. ಪ್ಲಾಸ್ಟಿಕ್ ಬಕೆಟ್ ಹಿಡಿದು ಮತ್ತೆ ಹೋದ್ವಿ.

ಇನ್ನೊಂದು ಬಲೆ ಇದೆ. ಬೆರೆಸೋದು ಸರಾಸರಿಗೆ ಒಳ್ಳೇದು, ಆದರೆ ಕೊಳಕನ್ನೂ ಅದು ಮುಚ್ಚಿಹಾಕುತ್ತೆ. ಹತ್ತು ಕಡೆಯ ಮಣ್ಣಿನಲ್ಲಿ ಒಂಬತ್ತರಲ್ಲಿ ಸೀಸ ಕಿಲೋಗೆ 20 ಮಿ.ಗ್ರಾಂ, ಹಳೆ ಬ್ಯಾಟರಿ ಎಸೆದ ಒಂದು ಮೂಲೆಯಲ್ಲಿ 500 ಮಿ.ಗ್ರಾಂ ಅಂತ ಇಟ್ಕೊಳ್ಳಿ. ಬೆರೆಸಿದರೆ ಬರೋದು 68. ಕಾಗದದ ಮೇಲೆ ಆ ಮೂಲೆ ಮಾಯ! ಅದಕ್ಕೇ ತಿಪ್ಪೆ, ಗ್ಯಾರೇಜ್, ಹಳೆ ಗೂಡು ಇದ್ದ ಜಾಗಗಳ ಮಣ್ಣನ್ನು ಬೇರೆಯಾಗಿಯೇ ತೆಗೀಬೇಕು. ಅಂಥ ಜಾಗ ಎಲ್ಲಿ ಅಂತ ನಕ್ಷೆ ಹೇಳಲ್ಲ, ಊರಿನವರು ಹೇಳ್ತಾರೆ.

ಎರಡನೇ ಸಲ ಹೋದಾಗ ಬೇಲಿಯ ಹೊರಗೂ ತೆಗೆದ್ವಿ: ಇಳಿಜಾರಿನ ಕೆಳಗೆ, ಗಾಳಿ ಬೀಸುವ ದಿಕ್ಕಿನಲ್ಲಿ, ಜೊತೆಗೆ ಹೋಲಿಕೆಗೆ ಅಂತ ಯೋಜನೆಯ ಪ್ರಭಾವ ತಟ್ಟದಷ್ಟು ದೂರದ ಅದೇ ಥರದ ಕೆಂಪು ಮಣ್ಣು. ಯಜಮಾನರ ಹೊಲವೂ ಈಗ ನಮ್ಮ ಪಟ್ಟಿಯಲ್ಲಿ ಒಂದು ಸಂಖ್ಯೆ. ಆ ಹಾಳೆಯ ಒಂದು ಪ್ರತಿಯನ್ನು ಅವರ ಕೈಗೂ ಕೊಟ್ವಿ.

ಮುಂದೆ ನಮ್ಮಲ್ಲಿ ಎಷ್ಟೋ ಜನ ಇಂಥ ವರದಿ ತಯಾರು ಮಾಡ್ತೀವಿ. ಟೈಮ್ ಇಲ್ಲ ಅಂತ ಗದಗದ ಎರೆ ಭೂಮಿಯ ಅಂಕಿಗಳನ್ನು ಕೋಲಾರದ ಕೆಂಪು ಮಣ್ಣಿನ ಕೋಷ್ಟಕಕ್ಕೆ ಅಂಟಿಸೋದು ಎರಡು ನಿಮಿಷದ ಕೆಲಸ. ಆದರೆ ಜೆಸಿಬಿ ಒಮ್ಮೆ ಇಳಿದ ಮೇಲೆ ಮೊದಲಿನ ಮಣ್ಣನ್ನು ಮತ್ತೆ ಅಳೆಯೋಕೆ ಆಗಲ್ಲ. ಹತ್ತು ವರ್ಷದ ನಂತರ ಯಾರೋ ಒಬ್ಬರು ಆ ಹಾಳೆ ಹಿಡಿದು ನ್ಯಾಯ ಕೇಳಬಹುದು. ಅದು ಅವರ ಪರವಾಗಿ ಮಾತಾಡಬೇಕು ಅಂದರೆ ಮೊದಲು ನಿಜ ಹೇಳುವ ಹಾಗಿರಬೇಕು.