ನಿಮಗಿದು ಗೊತ್ತೆ? ಗೀಸರ್‌ನ ವಿಷಕ್ಕೆ ವಾಸನೆಯೇ ಇಲ್ಲ!

ಸಿಲಿಂಡರ್ ಸೋರಿದಾಗ ಮೂಗಿಗೆ ಬಡಿಯುವ ವಾಸನೆ ಅನಿಲದ್ದಲ್ಲ. ಸೋರಿಕೆ ತಿಳಿಯಲೆಂದೇ ಬೆರೆಸಿದ ಮರ್ಕ್ಯಾಪ್ಟನ್‌ನದು. ಆದರೆ ಗ್ಯಾಸ್ ಗೀಸರ್ ಉರಿಯುವಾಗ ಗಾಳಿ ಸಾಲದೆ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ; ಆಮೇಲೆ ಬಾಗಿಲ ಚಿಲಕ ತೆಗೆಯುವಷ್ಟೂ ತ್ರಾಣ ಉಳಿಯದು.

ಯಸಳೂರಿನಂಥ ಊರಿನ ಮಳೆ-ಚಳಿಗೆ ಬಚ್ಚಲುಮನೆಯ ಕಿಟಕಿ ಮುಚ್ಚುವುದು ಸಹಜ. ಅಪಾಯವೂ ಅಲ್ಲೇ. ಹಂಡೆಯ ಒಲೆಯಾದರೆ ಹೊಗೆ ಕಣ್ಣುರಿಸಿ ಎಚ್ಚರಿಸುತ್ತದೆ, ಗೀಸರ್ ಎಚ್ಚರಿಸುವುದಿಲ್ಲ. ನೀಲಿ ಉರಿ ಹಳದಿಗೆ ತಿರುಗಿದರೆ ತಕ್ಷಣ ಆರಿಸಿ, ರಿಪೇರಿಯವರನ್ನು ಕರೆಸಿ. ಗೀಸರ್, ಸಿಲಿಂಡರ್ ಎರಡನ್ನೂ ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಇಡಿಸಿ. ಒಳಗೆ ಬಿಸಿನೀರಿನ ಪೈಪ್ ಮಾತ್ರ ಬರಲಿ.